ಮೆಣಸಿನ ಕುಡಿ

ಎರಡು ವರ್ಷದ ಹಿಂದಿನ ಮಾತು. ದಾಂಡೇಲಿಯಲ್ಲಿ ಆರಿದ್ರೆಯ ಮಳೆ ಹಿಡಿದು ಎರಡು ದಿನವಾಗಿತ್ತು. ಸಂಜೆಯ ಹೊತ್ತಿಗೆ ಕೊಡೆ ಮಡಚುತ್ತ ಒಬ್ಬ ವೃದ್ಧೆ ನಮ್ಮ ಮನೆಯ ಜಗುಲಿ ಹತ್ತಿ ಬಂದರು. ಜೋಯಿಡಾ ತಾಲೂಕಿನ ರಾಮನಗರದಿಂದ ಬಸ್ಸಿನಲ್ಲಿ ಬಂದಿದ್ದರು. ಹಿಂದೆ ಕೆಲವು ವರ್ಷ ನಮ್ಮ ಓಣಿಯಲ್ಲಿಯೇ ಮಗನ ಮನೆಯಲ್ಲಿದ್ದವರು. ನನ್ನ ತಾಯಿಗೆ ಗೆಳತಿ. ನಾವೆಲ್ಲ ಅವರನ್ನು ‘ಆಯಿ’ ಎಂದೇ ಕರೆಯುವುದು. ಚಹಾ ಕುಡಿದ ಮೇಲೆ ಅವರು ಸಂಕೋಚದಿಂದ ಬಂದ ಕಾರಣ ಹೇಳಿದರು.

“ಮಾಸ್ತರೇ, ಒಂದು ಮೆಣಸಿನ ಕುಡಿ ಬೇಕಾಗಿತ್ತು. ನಿಮ್ಮ ತಾಯಿಗೆ ನಾನು ಕೊಟ್ಟಿದ್ದೆನಲ್ಲ, ಅದರದ್ದೇ. ನಮ್ಮದು ಸೊರಗಿ ಹೋಯ್ತು.”

ನನಗೆ ಬಾಯಿ ಕಟ್ಟಿದಂತಾಯಿತು. ಅವರು ಇಪ್ಪತ್ತು ವರ್ಷದ ಹಿಂದೆ ಕೊಟ್ಟ ಆ ಕುಡಿ ನಮ್ಮ ಹಿತ್ತಲಿನ ಹಾಲವಾಣದ ಮರದ ಮೇಲೆ ಹಬ್ಬಿ, ತಾಯಿ ಇರುವ ತನಕ ವರ್ಷಾ ಎರಡು ಸೇರು ಕಾಳು ಕೊಡುತ್ತಿತ್ತು. ಆಯಿ ಬರುವುದಕ್ಕೆ ಒಂದು ವಾರ ಮೊದಲಷ್ಟೇ ನಾನು ಹಿತ್ತಲಿಗೆ ಸಿಮೆಂಟು ಹಾಕಿಸಿದ್ದೆ. ಗಾಡಿ ನಿಲ್ಲಿಸಲು ಜಾಗ ಬೇಕಾಗಿತ್ತು. ಬಳ್ಳಿ ಅಡ್ಡ ಬರುತ್ತದೆಂದು ಗಾರೆಯವನು ಕೇಳಿದಾಗ, ‘ಕಡಿ’ ಎಂದವನು ನಾನೇ. ಮೆಣಸು ಪೇಟೆಯಲ್ಲಿ ಸಿಗುತ್ತದಲ್ಲ ಎಂಬುದು ನನ್ನ ಎಣಿಕೆ.

ಪೇಟೆಯಲ್ಲಿ ಸಿಗುವುದು ಕಾಳು. ಆಯಿ ಕೇಳಿದ್ದು ಕುಡಿ. ಇವೆರಡರ ನಡುವಿನ ಅಂತರ ಎಷ್ಟೆಂಬುದು ನನಗೆ ತಿಳಿದದ್ದು ಅನಂತರ. ಆ ಅಂತರದಲ್ಲಿ ನಮ್ಮ ಸೀಮೆಯ ಇತಿಹಾಸದ ಒಂದು ಭಾಗವೇ ಅಡಗಿದೆ. ಅದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಮೊದಲು ಹೆಸರಿನ ವಿಚಾರ. ನಾವು ಇಂದು ಕೆಂಪು ಕಾಯಿಗೆ ಮೆಣಸಿನಕಾಯಿ ಎನ್ನುತ್ತೇವೆ. ಆ ಗಿಡ ಅಮೆರಿಕ ಖಂಡದ್ದು. ಪೋರ್ತುಗೀಜರ ಹಡಗುಗಳ ಮೂಲಕ ಹದಿನಾರನೆಯ ಶತಮಾನದಲ್ಲಿ ಇತ್ತ ಬಂದಿತು. ಹೊಸದಾಗಿ ಬಂದ ಖಾರಕ್ಕೆ ಕನ್ನಡಿಗರು ಹಳೆಯ ಖಾರದ ಹೆಸರನ್ನೇ ಇಟ್ಟರು. ಬಂದ ನೆಂಟ ಮನೆಯ ಯಜಮಾನನಾದ. ಯಜಮಾನನೋ ‘ಕಾಳುಮೆಣಸು’, ‘ಕರಿಮೆಣಸು’ ಎಂದು ವಿಶೇಷಣ ಹಚ್ಚಿಕೊಂಡು ತಿರುಗಬೇಕಾಯಿತು! ತಮಿಳಿನ ‘ಮಿಳಗು’, ನಮ್ಮ ‘ಮೆಣಸು’ ಒಂದೇ ಬೇರಿನ ಮಾತುಗಳು. ಯುರೋಪಿನವರ ‘ಪೆಪ್ಪರ್’ ಮಾತ್ರ ಸಂಸ್ಕೃತದ ‘ಪಿಪ್ಪಲಿ’ಯಿಂದ ಹೋದದ್ದು. ಎಂದರೆ ಅವರು ಹಿಪ್ಪಲಿಯ ಹೆಸರಿನಲ್ಲಿ ಮೆಣಸನ್ನು ಕೊಂಡರು.

ಇನ್ನು ಕುಡಿಯ ವಿಚಾರ. ಗಿಡದ ಒಂದು ತುಂಡನ್ನು ನೆಟ್ಟು ಇನ್ನೊಂದು ಗಿಡ ಮಾಡುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ದಾಳಿಂಬೆ, ದ್ರಾಕ್ಷಿ, ಮಾದಲ ಮೊದಲಾದವುಗಳ ಕೊಂಬೆಗೆ ಸಗಣಿ ಬಳಿದು ನೆಡಬೇಕೆಂದು ಅಲ್ಲಿ ಹೇಳಿದೆ. ಕನ್ನಡದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ ಈತ, ಚಾಲುಕ್ಯರ ಕಾಲದ ಇನ್ನೊಬ್ಬ. ಅಡಿಗೆ, ವೈದ್ಯ, ವಾಸ್ತುಗಳ ಜೊತೆಗೆ ಅವನೂ ವೃಕ್ಷಾಯುರ್ವೇದವನ್ನು ಸೇರಿಸಿದ್ದಾನೆ. ಹಿತ್ತಲಿನ ಗಿಡ ನಮ್ಮ ಪೂರ್ವಿಕರಿಗೆ ಕಾವ್ಯದ ಹೊರಗಿನ ವಸ್ತುವಾಗಿರಲಿಲ್ಲ.

ಆದರೆ ಮೆಣಸಿನ ಬಳ್ಳಿಗೂ ಕುಡಿಗೂ ಇರುವ ನಂಟು ಬೇರೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ ಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ಬಳ್ಳಿ ಎಷ್ಟು ಹಬ್ಬಿದರೂ ಕಾಳಿಲ್ಲ. ಹೆಣ್ಣು ಬಳ್ಳಿಯ ಹತ್ತಿರ ಗಂಡಿಲ್ಲದಿದ್ದರೆ ಅದರ ಸರದಲ್ಲೂ ಕಾಳು ತುಂಬದು. ತೋಟದ ಒಳ್ಳೆಯ ಬಳ್ಳಿಗಳಲ್ಲಿ ಮಾತ್ರ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಇಂಥ ಬಳ್ಳಿಯ ಬೀಜ ಬಿತ್ತಿದರೆ ಆ ಗುಣ ಹಾಗೆಯೇ ಇಳಿದು ಬರುತ್ತದೆಂಬ ಭರವಸೆಯಿಲ್ಲ. ಆಯಿಯ ಮಾತಿನಲ್ಲಿ ಹೇಳುವುದಾದರೆ, “ಬೀಜ ಹಾಕಿದ್ರೆ ಯಾವುದು ಬರ್ತದೋ ದೇವರಿಗೇ ಗೊತ್ತು. ಕುಡಿ ಹಾಕಿದ್ರೆ ಅದೇ ಬರ್ತದೆ.”

‘ಅದೇ ಬರ್ತದೆ’ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಕುಡಿಯಿಂದ ಬಂದ ಬಳ್ಳಿ ಮೊದಲಿನ ಬಳ್ಳಿಯ ಮಗಳಲ್ಲ, ಅದೇ ಬಳ್ಳಿ. ಯಾವುದೋ ಕಾಲದಲ್ಲಿ, ಘಟ್ಟದ ಯಾವುದೋ ಕಣಿವೆಯಲ್ಲಿ, ಹೆಸರಿಲ್ಲದ ಒಬ್ಬನು ಅಥವಾ ಒಬ್ಬಳು ಕಾಡಿನ ನೂರು ಬಳ್ಳಿಗಳ ನಡುವೆ ಸರ ತುಂಬ ಕಾಳು ಕಟ್ಟಿದ ಒಂದನ್ನು ಗುರುತಿಸಿ, ಗಿಣ್ಣು ನೋಡಿ ಮುರಿದು, ಮನೆಯ ಬಳಿ ತಂದು ನೆಟ್ಟಿರಬೇಕು. ಅಂದಿನಿಂದ ಇಂದಿನವರೆಗೆ ಅದು ಸತ್ತಿಲ್ಲ. ಕೈಯಿಂದ ಕೈಗೆ ದಾಟುತ್ತ ಬಂದಿದೆ. ರಾಜವಂಶಗಳಿಗೆ ಇಲ್ಲದ ಆಯುಷ್ಯ ಇದು. ಕರಿಮಲ್ಲಿಗೆಸರ, ಬಿಳಿಮಲ್ಲಿಗೆಸರ, ತಟ್ಟಿಸರ, ಉದ್ದಗರೆ — ನಮ್ಮ ಜಿಲ್ಲೆಯ ಮೆಣಸಿನ ಜಾತಿಗಳ ಈ ಹೆಸರುಗಳನ್ನು ಇಟ್ಟವರು ಯಾವ ಆಸ್ಥಾನದ ಕವಿಗಳೂ ಅಲ್ಲ.

ಲೋಕ ಮಾತ್ರ ಕಾಳಿನ ಹಿಂದೆ ಹೋಯಿತು. ಕ್ರಿ. ಶ. 408ರಲ್ಲಿ ಗಾಥ್ ಜನರ ಅಲಾರಿಕನು ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಬಿಟ್ಟು ಹೋಗಲು ಕೇಳಿದ ದಂಡದಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ 3,000 ಪೌಂಡು ಮೆಣಸೂ ಇತ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಮುಖ್ಯವಾಗಿ ಇದೇ ಕಾಳಿಗಾಗಿ. 1510ರಲ್ಲಿ ಗೋವೆ ಪೋರ್ತುಗೀಜರ ಕೈಸೇರಿದ ಮೇಲೆ ನಮ್ಮ ಕರಾವಳಿಯ ಅರಸರಿಗೆಲ್ಲ ಮೆಣಸೇ ರಾಜಕಾರಣವಾಯಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ವಖಾರಿ ತೆರೆದರು. ಅಲ್ಲಿಂದ ಹಡಗು ಏರುತ್ತಿದ್ದ ಸರಕು ಎರಡು ದಿಕ್ಕಿನದು: ಹುಬ್ಬಳ್ಳಿಯ ಕಡೆಯ ನಯವಾದ ಬಟ್ಟೆ, ಘಟ್ಟದ ಮೆಣಸು ಮತ್ತು ಏಲಕ್ಕಿ.

ಈ ಘಟ್ಟದ ಮೆಣಸಿನ ಒಡೆಯರು ಸೋದೆಯ ನಾಯಕರು. ಸೂಪಾ ಮತ್ತು ಹಳಿಯಾಳದ ಸೀಮೆ ಅವರ ರಾಜ್ಯಕ್ಕೆ ಸೇರಿದ್ದಿತು. ನಕಾಶೆಯಲ್ಲಿ ಹತ್ತಿರ ಹತ್ತಿರದಲ್ಲಿದ್ದರೂ ಇಂದಿನ ನಮ್ಮ ನಾಲ್ಕು ತಾಲೂಕುಗಳ ನೆಲ ಒಂದೇ ತೆರನಾದುದಲ್ಲ. ಜೋಯಿಡಾ ದಟ್ಟ ಮಳೆಯ ಕಾಡು. ಗುಂದ, ಉಳವಿಯ ಕಡೆ ಅಡಿಕೆ ತೋಟಗಳ ಕಣಿವೆ. ದಾಂಡೇಲಿ ಸಾಗವಾನಿಯ ನೆಲ. ಹಳಿಯಾಳ, ಮುಂಡಗೋಡಗಳಿಗೆ ಬಂದರೆ ಮಳೆ ಇಳಿಮುಖವಾಗಿ, ಭತ್ತದ ಗದ್ದೆಗಳು ತೆರೆದುಕೊಂಡು, ಧಾರವಾಡದ ಬಯಲಿನ ಗಾಳಿ ಬೀಸತೊಡಗುತ್ತದೆ. ಮೆಣಸಿನ ಬಳ್ಳಿ ಪಡುವಣ ಮಗ್ಗುಲನ್ನೇ ನಚ್ಚಿಕೊಂಡದ್ದು. 1763-64ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸ ಗೋವೆಗೆ ಓಡಿ ಪೋರ್ತುಗೀಜರ ಆಶ್ರಯದಲ್ಲಿ ಉಳಿದ. ಅರಸು ಹೋಯಿತು, ವಖಾರಿಗಳೂ ಕಾಲಕ್ರಮದಲ್ಲಿ ಮುಚ್ಚಿದವು. ಬಳ್ಳಿ ಮಾತ್ರ ಇದ್ದಲ್ಲಿಯೇ ಇತ್ತು.

ಅದನ್ನು ಇದ್ದಲ್ಲಿ ಕಂಡವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, ಗೆದ್ದ ನಾಡಿನ ಸ್ಥಿತಿಗತಿ ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ವೈದ್ಯ ಈತ. 1801ರಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಶಿರಸಿ, ಬನವಾಸಿಗಳ ಕಡೆ ಸಾಗಿದ. 1807ರಲ್ಲಿ ಲಂಡನ್ನಿನಲ್ಲಿ ಅವನ ಪ್ರವಾಸಗ್ರಂಥ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಹವ್ಯಕರ ಅಡಿಕೆ ತೋಟಗಳನ್ನೂ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸನ್ನೂ ಅವನು ವಿವರವಾಗಿ ಬರೆದುಕೊಂಡ. ಇನ್ನೊಂದು ಕ್ರಮವೂ ಅವನ ಗಮನಕ್ಕೆ ಬಂದಿತು. ಕಾಡಿನಲ್ಲಿ ತಾನಾಗಿ ಹುಟ್ಟಿದ ಮೆಣಸಿರುವ ಕಡೆ ಜನರು ಪೊದೆ ಸವರಿ, ಬೇಕಾದ ಮರಗಳನ್ನಷ್ಟೇ ಉಳಿಸಿ, ಬಳ್ಳಿಗಳನ್ನು ಅವುಗಳ ಮೇಲೆ ಹಬ್ಬಿಸುತ್ತಿದ್ದರು. ಇದೇ ‘ಮೆಣಸುಕಾನು’. ಕಾಡೂ ಅಲ್ಲ, ತೋಟವೂ ಅಲ್ಲ; ಎರಡರ ನಡುವಿನ ಒಂದು ಒಪ್ಪಂದ.

ಈ ಒಪ್ಪಂದವನ್ನು ನಡೆಸಿದವರು ಯಾರು? ಹವ್ಯಕರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಮರ ಹತ್ತಿ ಸರ ಕೊಯ್ದವರ ಹೆಸರು ಸಿಗುವುದಿಲ್ಲ. ಜೋಯಿಡಾದ ಕುಣಬಿಗಳಿದ್ದಾರೆ, ಕಾಡಿನ ಗೆಡ್ಡೆಗೆಣಸುಗಳ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳಿದ್ದಾರೆ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಅವರಲ್ಲಿದೆ. ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದಿದ್ದಾರೆ. ಮೆಣಸು ಹೊತ್ತು ಹೋಗಲು ಬಂದ ಹಡಗುಗಳವರೇ ಮನುಷ್ಯರನ್ನೂ ಹೊತ್ತು ತಂದರೆಂಬುದನ್ನು ಮೆಣಸಿನ ಕಥೆ ಹೇಳುವವರು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಡಿಗೆ ಹೊಸ ಯಜಮಾನ ಬಂದ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಇಲಾಖೆಗೆ ಸೇರಿತು. ಕುಮರಿ ಬೇಸಾಯಕ್ಕೆ ಕಟ್ಟುಗಳು ಬಿದ್ದವು. 1878ರ ಅರಣ್ಯ ಕಾಯಿದೆ ಬಂದಿತು. ಸರಕಾರದ ಕಣ್ಣಿಗೆ ಬಿದ್ದದ್ದು ಸಾಗವಾನಿ, ಬಳ್ಳಿಯಲ್ಲ. ಬಳ್ಳಿ ಹಬ್ಬಿಸಿದ ಮರಕ್ಕೆ ಯಜಮಾನರಾರೆಂಬುದು ತಕರಾರಿನ ವಿಷಯವಾದಾಗ ಕಾನಿನ ಮೆಣಸಿನ ಮೇಲೆ ಜನರ ಕೈ ಸಡಿಲವಾಯಿತು. ಉಳಿದದ್ದು ತೋಟದ ಮತ್ತು ಹಿತ್ತಲಿನ ಬಳ್ಳಿ. ಕುಡಿ ಕಾನಿನಿಂದ ಮನೆಯಂಗಳಕ್ಕೆ ಬಂದು ನಿಂತಿತು.

ಇಲ್ಲಿ ಕೇರಳದ ಒಂದು ಕಥೆ ನೆನಪಾಗುತ್ತದೆ. ಪೋರ್ತುಗೀಜರು ಮೆಣಸಿನ ಕುಡಿಗಳನ್ನೇ ತಮ್ಮ ನಾಡಿಗೆ ಒಯ್ಯಲು ಕೇಳಿದರಂತೆ. ಮಂತ್ರಿ ಗಾಬರಿಯಾದ. ಕಲ್ಲಿಕೋಟೆಯ ಸಾಮೂದಿರಿ ನಕ್ಕು, ‘ಬಳ್ಳಿಯನ್ನು ಒಯ್ದಾರು, ನಮ್ಮ ತಿರುವಾದಿರೆಯ ಮಳೆಯನ್ನು ಹೇಗೆ ಒಯ್ದಾರು?’ ಎಂದನಂತೆ. ತಿರುವಾದಿರೆ ಎಂದರೆ ನಮ್ಮ ಆರಿದ್ರೆಯೇ. ಕುಡಿ ನೆಡುವ ಕಾಲ. ಕಥೆ ಸೊಗಸಾಗಿದೆ, ಆದರೆ ಇತಿಹಾಸ ಸಾಮೂದಿರಿಯ ಮಾತನ್ನು ನಡೆಸಿಕೊಡಲಿಲ್ಲ. ಪೋರ್ತುಗೀಜರಿಗಿಂತ ಎಷ್ಟೋ ಮೊದಲೇ ಮೆಣಸು ಜಾವಾ ಸುಮಾತ್ರಗಳನ್ನು ಸೇರಿತ್ತು. ಅಲ್ಲಿಯೂ ಮಳೆ ಇತ್ತು! 1933ರಲ್ಲಿ ಬ್ರೆಜಿಲಿಗೆ ವಲಸೆ ಹೋಗುತ್ತಿದ್ದ ಜಪಾನೀಯರು ದಾರಿಯಲ್ಲಿ ಸಿಂಗಪುರದಿಂದ ಕೆಲವು ಮೆಣಸಿನ ಸಸಿ ಕೊಂಡೊಯ್ದರು. ಬೆರಳೆಣಿಕೆಯಷ್ಟೇ ಬದುಕಿದವು. ಅಮೆಜಾನ್ ಸೀಮೆಯ ತೊಮೆ-ಅಸು ಎಂಬಲ್ಲಿ ಅವುಗಳ ಕುಡಿಯಿಂದ ಕುಡಿ ಮಾಡಿ ತೋಟಗಳನ್ನೇ ಎಬ್ಬಿಸಿದರು. ಇಂದು ಮೆಣಸು ರಫ್ತು ಮಾಡುವ ದೇಶಗಳಲ್ಲಿ ಮೊದಲನೆಯದು ವಿಯೆಟ್ನಾಂ, ನಾವಲ್ಲ.

ಆದರೆ ತೊಮೆ-ಅಸುವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಬೇರು ಕೊಳೆಸುವ ಒಂದು ಶಿಲೀಂಧ್ರ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ತೋಟಕ್ಕೆ ತೋಟವನ್ನೇ ತಿಂದುಹಾಕಿತು. ಕುಡಿಯ ಗುಣವೇ ಕುಡಿಯ ದೋಷ. ಎಲ್ಲ ಬಳ್ಳಿಗಳೂ ಒಂದೇ ಬಳ್ಳಿಯಾದಾಗ ಒಂದರ ರೋಗ ಎಲ್ಲದರ ರೋಗ. ಸಾಮೂದಿರಿ ಹೇಳಬೇಕಾಗಿದ್ದದ್ದು ಬೇರೆ: ಅವರು ಒಂದೆರಡು ಬಳ್ಳಿ ಒಯ್ದಾರು, ಘಟ್ಟದ ನೂರು ಬಳ್ಳಿಗಳನ್ನು ಒಯ್ಯಲಾರರು. ಆ ನೂರರಲ್ಲಿ ಯಾವುದು ರೋಗ ತಾಳೀತು, ಯಾವುದು ಬರ ತಾಳೀತು ಎಂಬುದು ಮೊದಲೇ ತಿಳಿಯುವಂತಿಲ್ಲ. ಕೇರಳದ ಪನ್ನಿಯೂರಿನ ಸಂಶೋಧನ ಕೇಂದ್ರದಲ್ಲಿ ಎರಡು ಹಳೆಯ ಬಳ್ಳಿಗಳನ್ನು ಕೂಡಿಸಿ ‘ಪನ್ನಿಯೂರು-1’ ಎಂಬ ಪ್ರಸಿದ್ಧ ತಳಿಯನ್ನು ಮಾಡಿದರು. 1971ರಲ್ಲಿ ಅದು ಬಿಡುಗಡೆಯಾಯಿತು. ಹಿತ್ತಲಿನಲ್ಲಿ ಆ ಹಳೆಯ ಬಳ್ಳಿಗಳನ್ನು ಯಾರಾದರೂ ಉಳಿಸಿಕೊಂಡಿರದಿದ್ದರೆ ಕೂಡಿಸಲು ಏನಿರುತ್ತಿತ್ತು?

ನಮ್ಮಲ್ಲಿಯೂ ಸೊರಗು ರೋಗ ಇದೆ. ಜಡಿಮಳೆಯಲ್ಲಿ ಬುಡ ಕೊಳೆತು, ನಿನ್ನೆ ಹಸಿರಾಗಿದ್ದ ಬಳ್ಳಿ ನೋಡನೋಡುತ್ತ ಎಲೆ ಉದುರಿಸಿ ಒಣಗುತ್ತದೆ. ಇದಕ್ಕೆ ಪರಿಹಾರವೆಂದು ಶಿರಸಿ ಕಡೆಯ ಕೃಷಿಕರು ದಕ್ಷಿಣ ಅಮೆರಿಕದಿಂದ ಬಂದ ಒಂದು ಜಾತಿಯ ಹಿಪ್ಪಲಿಯ ಬುಡಕ್ಕೆ ಮೆಣಸಿನ ಕುಡಿಯನ್ನು ಕಸಿ ಕಟ್ಟುತ್ತಾರೆ. ಮೆಣಸಿಗೆ ಹಿಪ್ಪಲಿಯ ಹೆಸರಿಟ್ಟವರು ಯುರೋಪಿನವರು. ಹಿಪ್ಪಲಿಯ ಕಾಲನ್ನೇ ಕೊಟ್ಟವರು ನಮ್ಮ ರೈತರು!

ಆಯಿಯ ಬಳ್ಳಿಯನ್ನು ಒಯ್ದದ್ದೂ ಸೊರಗು ರೋಗವೇ. ಆ ಬಳ್ಳಿಯ ಮೂಲ ಸೂಪಾ.

ಸೂಪಾ ಎಂಬ ಊರು ಈಗಿಲ್ಲ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಇದ್ದ, ತಾಲೂಕಿಗೇ ತನ್ನ ಹೆಸರು ಕೊಟ್ಟಿದ್ದ ಊರು. ಕಾಳಿ ವಿದ್ಯುತ್ ಯೋಜನೆಗಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1980ರ ದಶಕದಲ್ಲಿ ಊರು, ಗದ್ದೆ, ತೋಟ ಎಲ್ಲ ನೀರಿನಡಿ ಹೋದವು. ಕಚೇರಿಗಳು ಜೋಯಿಡಾಕ್ಕೆ ಬಂದವು, ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ. ನಮ್ಮ ಮನೆಗಳಲ್ಲಿ ಉರಿಯುವ ದೀಪದಲ್ಲಿ ಆ ಊರಿನ ಪಾಲಿದೆ ಎಂಬುದನ್ನು ನಗರವಾಸಿಗಳು ನೆನೆಯುವುದು ಕಡಿಮೆ.

ಪರಿಹಾರದ ಪಟ್ಟಿಯಲ್ಲಿ ಮರಗಳ ಲೆಕ್ಕ ಬರೆದುಕೊಂಡಿದ್ದರು, ಎಂದರು ಆಯಿ. ಮನೆ ಬಿಡುವ ದಿನ ಅವರ ಅತ್ತೆ, ಹಿತ್ತಲಿನ ಬಳ್ಳಿಯ ಬುಡದಲ್ಲಿ ನೆಲದ ಮೇಲೆ ಹರಿದಿದ್ದ ಹಂಬುಗಳನ್ನು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ಸೊಸೆಯ ಕಂಕುಳಿಗೆ ಕೊಟ್ಟರಂತೆ. “ಪಾತ್ರೆ ನಾಳೆ ತರಬಹುದು, ಇದು ನಾಳೆಗೆ ಇರೂದಿಲ್ಲ,” ಎಂದಿದ್ದರಂತೆ ಆ ಹಿರಿಯಾಕೆ. ನೆಲವನ್ನು ಹೊತ್ತು ತರುವಂತಿಲ್ಲ, ಬಳ್ಳಿಯನ್ನು ತರಬಹುದು. ಎಲ್ಲರಿಗೂ ಅದೂ ಸಾಧ್ಯವಾಗುವುದಿಲ್ಲ. 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟಿನ ನಿರಾಶ್ರಿತರನ್ನು ನೋಡಿ. ಹಿಮದ ನಾಡಿನ ಅವರ ಬಾರ್ಲಿಗೆ ನಮ್ಮ ಹವೆ ಒಗ್ಗದು. ಅವರು ಗೋವಿನಜೋಳ, ಭತ್ತ ಬೆಳೆಯಲು ಕಲಿಯಬೇಕಾಯಿತು. ಸೂಪಾದವರ ಪುಣ್ಯ, ಅವರು ಹೋದ ನೆಲ ಅದೇ ಮಳೆಯದು.

ಹೀಗೆ ಸೂಪಾದ ಹಿತ್ತಲಿನ ಬಳ್ಳಿ ರಾಮನಗರಕ್ಕೂ ಅಲ್ಲಿಂದ ದಾಂಡೇಲಿಯ ನಮ್ಮ ಮನೆಗೂ ಬಂದಿತ್ತು. ಅಣೆಕಟ್ಟು ಮುಳುಗಿಸಲಾಗದ್ದನ್ನು ನಾನು ಸಿಮೆಂಟು ಹಾಕಿ ಮುಗಿಸಿದ್ದೆ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಆಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬೈಯಲಿಲ್ಲ. ಮರದ ತುದಿಯತ್ತ ನೋಡುತ್ತ ನಿಂತರು. ಗಾರೆಯವನು ಬಳ್ಳಿಯನ್ನು ಎಳೆದು ಹಾಕಿದಾಗ ಮೇಲಿನ ಕವಲಿನಲ್ಲಿ ಸಿಕ್ಕಿಕೊಂಡ ಒಂದು ಹಿಡಿ ಕೊಂಬೆಗಳು, ಮಳೆಯ ತಂಪಿಗೆ ಇನ್ನೂ ಬಾಡದೆ ಉಳಿದಿದ್ದವು. ಏಣಿ ತಂದು ಇಳಿಸಿದೆ. ಆಯಿ ಅವನ್ನು ಬೆರಳಿನಿಂದ ತಿರುವಿ ನೋಡಿದರು. “ಇವು ಅಡ್ಡಗೊಂಬೆ, ಮಾಸ್ತರೇ. ಹತ್ತೂದಿಲ್ಲ,” ಎಂದರು.

ಅದರ ಅರ್ಥ ಹೀಗೆ. ಮೆಣಸಿಗೆ ಎರಡು ಬಗೆಯ ಕೊಂಬೆ. ಮೇಲೆ ಏರುವ ಬಳ್ಳಿ ಮತ್ತು ಬುಡದಿಂದ ನೆಲದ ಮೇಲೆ ಹರಿಯುವ ಹಂಬು — ಇವುಗಳ ಗಿಣ್ಣು ಗಿಣ್ಣಿನಲ್ಲಿಯೂ ಬೇರು ಹೊರಡುತ್ತದೆ. ಎರಡು ಮೂರು ಗಿಣ್ಣಿನ ತುಂಡು ಮಾಡಿ, ತೊಟ್ಟು ಉಳಿಸಿ ಎಲೆ ಕತ್ತರಿಸಿ ನೆಟ್ಟರೆ ಸುಲಭವಾಗಿ ಚಿಗುರಿ, ಆಸರೆ ಕಂಡಲ್ಲಿ ಹತ್ತುತ್ತದೆ. ಅಡ್ಡಕ್ಕೆ ಚಾಚಿ ಸರ ಬಿಡುವ ಕೊಂಬೆ ಬೇರೆ. ಅದರ ಗಿಣ್ಣಿನಲ್ಲಿ ಹಿಡಿಬೇರಿಲ್ಲ. ಬೇರು ಬರಿಸುವುದು ಕಷ್ಟ. ಬಂದರೂ ಅದು ಎಂದೂ ಮರ ಹತ್ತುವುದಿಲ್ಲ, ಕುಂಡದಲ್ಲಿ ಪೊದೆಯಾಗಿಯೇ ಉಳಿಯುತ್ತದೆ. ಆದರೆ ಕಾಳು ಬಿಡುತ್ತದೆ. ಪಟ್ಟಣದವರ ಕೈತೋಟಕ್ಕೆಂದು ‘ಪೊದೆ ಮೆಣಸು’ ಮಾಡುವುದು ಇದರಿಂದಲೇ.

ನನಗೆ ಬೇರೆ ದಾರಿ ಇರಲಿಲ್ಲ. ತೋಟಗಾರಿಕೆ ಬಲ್ಲ ಗೆಳೆಯರೊಬ್ಬರನ್ನು ಕೇಳಿದೆ. ಒಂದು ವರ್ಷದ ಬಲಿತ ಕೊಂಬೆ, ನಾಲ್ಕೈದು ಗಿಣ್ಣಿನ ತುಂಡು. ಬುಡವನ್ನು ಬೇರು ಬರಿಸುವ ಪುಡಿಗೆ ಅದ್ದಿ, ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ನಿಲ್ಲಿಸಿ, ಬಾಯಿ ಕಟ್ಟಿ ನೆರಳಿನಲ್ಲಿಡಬೇಕು. ಒಳಗಿನ ತೇವ ಹೊರಗೆ ಹೋಗಬಾರದು. ನೀರು ನಿಂತು ಕೊಳೆಯಲೂ ಬಾರದು. ಹನ್ನೊಂದು ತುಂಡು ಇಟ್ಟೆ. ಇಪ್ಪತ್ತು ದಿನಕ್ಕೆ ಐದು ಕಪ್ಪಾದವು. ಮುಂದಿನ ವಾರ ಇನ್ನೂ ಮೂರು. ತಿಂಗಳು ಕಳೆದು ಚೀಲವನ್ನು ಬೆಳಕಿಗೆ ಹಿಡಿದಾಗ ಉಳಿದ ಮೂರರ ಬುಡದಲ್ಲಿ ಬಿಳಿಯ ಎಳೆಗಳು ಕಂಡವು. ಎಂ. ಎ. ಪರೀಕ್ಷೆಯ ಫಲಿತಾಂಶ ನೋಡಿದಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ.

ಮಣ್ಣು, ಮರಳು, ಕೊಟ್ಟಿಗೆಗೊಬ್ಬರ ಬೆರೆಸಿದ ಕುಂಡಗಳಿಗೆ ಅವನ್ನು ಇಳಿಸಿದೆ. ದೀಪಾವಳಿ ಕಳೆದ ಮೇಲೆ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಮನಗರಕ್ಕೆ ಹೋದೆ. ಆಯಿ ಕುಂಡವನ್ನು ತುಳಸಿಕಟ್ಟೆಯ ಮಗ್ಗುಲಿಗೆ ಇರಿಸಿ, ಬಹಳ ಹೊತ್ತು ಎಲೆಗಳನ್ನು ಒರೆಸುತ್ತ ಕುಳಿತರು.

“ಇದು ಹತ್ತೂದಿಲ್ಲ ಆಯಿ,” ಎಂದೆ, ತಪ್ಪು ಒಪ್ಪಿಕೊಳ್ಳುವವನಂತೆ.

“ಇರಲಿ ಬಿಡಿ. ನನಗೂ ಈಗ ಹತ್ತಿ ಕೊಯ್ಯೂದು ಆಗೂದಿಲ್ಲ,” ಎಂದರು.

ಎರಡನೆಯ ಕುಂಡ ನಮ್ಮ ಜಗುಲಿಯ ಮೇಲಿದೆ. ಈ ವರ್ಷ ಅದರಲ್ಲಿ ಒಂಬತ್ತು ಸರ ಬಿಟ್ಟವು. ಕಾಳು ಒಣಗಿಸಿ ತೂಗುವಷ್ಟೂ ಇಲ್ಲ, ಒಂದು ದಿನದ ಸಾರಿಗೆ ಸಾಕು. ಮೂರನೆಯದನ್ನು ಓಣಿಯ ಇನ್ನೊಂದು ಮನೆಗೆ ಕೊಟ್ಟಿದ್ದೇನೆ. ನಮ್ಮದು ಹೋದರೆ ಕೇಳಲು ಒಂದು ಮನೆ ಬೇಕಲ್ಲ.